ಐವತ್ತು ವರ್ಷದ ಹೊಸಬ

ಮನೆಗೆ ಎರಡನೆಯವಳಾಗಿ ಕಾಲಿಟ್ಟ ಸೊಸೆಯ ಪಾಡು ಎಲ್ಲರಿಗೂ ತಿಳಿದದ್ದೇ. ಅವಳು ಮಾಡಿದ ಸಾರಿಗೆ ಉಪ್ಪು ಹುಳಿ ಎರಡೂ ಹದವಾಗಿದ್ದರೂ, "ಹಿಂದಿನವಳ ಕೈಗುಣವೇ ಬೇರೆ" ಎಂದು ನಿಟ್ಟುಸಿರು ಬಿಡುವ ಒಬ್ಬ ಹಿರಿಯರಾದರೂ ಪಂಕ್ತಿಯಲ್ಲಿ ಕುಳಿತೇ ಇರುತ್ತಾರೆ. ಊರಿಗೆಲ್ಲ ಅಚ್ಚುಮೆಚ್ಚಾಗಿದ್ದ ಮೇಷ್ಟರಿಗೆ ವರ್ಗವಾಗಿ, ಅವರ ಕುರ್ಚಿಯಲ್ಲಿ ಬಂದು ಕುಳಿತ ಹೊಸ ಮೇಷ್ಟರ ಗತಿಯೂ ಅಷ್ಟೆ. ಆತ ಕಲಿಸಿದ ಹುಡುಗರು ದೊಡ್ಡವರಾಗಿ, ಅವರ ಮಕ್ಕಳು ಅದೇ ಶಾಲೆಗೆ ಬರುವ ಹೊತ್ತಿಗೂ ಆತ 'ಹೊಸ ಮೇಷ್ಟರು' ಆಗಿಯೇ ಉಳಿಯುತ್ತಾನೆ. ಹೋದವನ ಗುಣ ದಿನದಿನಕ್ಕೆ ಬೆಳೆಯುತ್ತದೆ. ಇರುವವನ ಗುಣ ಕಣ್ಣಿಗೆ ಬೀಳುವುದಿಲ್ಲ.

ಕಲೆಯ ಲೋಕದಲ್ಲಿಯೂ ಇದೇ ನ್ಯಾಯ. ಇಂಗ್ಲೆಂಡಿನ 'ಯೆಸ್' ಎಂಬ ಪ್ರಸಿದ್ಧ ವಾದ್ಯತಂಡದಲ್ಲಿ ಅಲನ್ ವೈಟ್ ಎಂಬ ಡ್ರಮ್ ವಾದಕನು 1972ರಿಂದ 2022ರವರೆಗೆ, ಎಂದರೆ ಎರಡು ತಿಂಗಳು ಕಡಿಮೆ ಐವತ್ತು ವರ್ಷ, ಒಂದೇ ಪೀಠವನ್ನು ಬಿಡದೆ ಕಾದನು. ಅವನಿಗಿಂತ ಹಿಂದೆ ಅದೇ ಪೀಠದಲ್ಲಿ ನಾಲ್ಕು ವರ್ಷ ಕುಳಿತು ಎದ್ದುಹೋದ ಬಿಲ್ ಬ್ರೂಫರ್ಡನ ಹೆಸರು ಮಾತ್ರ ರಸಿಕರ ನಾಲಗೆಯ ಮೇಲೆ ಇಂದಿಗೂ ಮೊದಲು ಬರುತ್ತದೆ. ಈ ತೀರ್ಪು ನ್ಯಾಯವಾದದ್ದೆ? ವೈಟ್ ತೀರಿಕೊಂಡು ಕೆಲವು ವರ್ಷ ಕಳೆದಿರುವ ಈಗ, ಪಕ್ಷಪಾತವಿಲ್ಲದೆ ವಿಚಾರಿಸಿ ನೋಡಬಹುದಾಗಿದೆ.

ಮೊದಲು ಆ ಸಂಗೀತದ ಪರಿಚಯ ಸ್ವಲ್ಪ ಬೇಕು. ಅದನ್ನು 'ಪ್ರಗತಿಶೀಲ ರಾಕ್' ಎಂದು ಕರೆಯುತ್ತಾರೆ. ಪ್ರಗತಿಶೀಲ ಎಂದೊಡನೆ ಕನ್ನಡಿಗರಿಗೆ ಅ.ನ.ಕೃ. ಮತ್ತು ಅವರ ಸಂಗಡಿಗರು ಹೂಡಿದ ಸಾಹಿತ್ಯ ಚಳವಳಿ ನೆನಪಾಗುವುದು ಸಹಜ. ಆದರೆ ಹೆಸರೊಂದನ್ನು ಬಿಟ್ಟರೆ ಎರಡಕ್ಕೂ ಸಂಬಂಧವಿಲ್ಲ. ನಮ್ಮ ಪ್ರಗತಿಶೀಲರು ಸಾಹಿತ್ಯವನ್ನು ಪಂಡಿತರ ಪಡಸಾಲೆಯಿಂದ ಬೀದಿಗೆ ತಂದವರು. ಇಂಗ್ಲೆಂಡಿನ ಈ ಯುವಕರು ಮಾಡಿದ್ದು ತಿರುವುಮುರುವು. ಬೀದಿಯಲ್ಲಿ ಕುಣಿದು ಹಾಡುವ ಮೂರು ನಿಮಿಷದ ಹಾಡನ್ನು ಹಿಡಿದು, ಅದಕ್ಕೆ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಉಡುಪು ತೊಡಿಸಿ, ಜ್ಯಾಸ್‌ನ ಲಯಚಮತ್ಕಾರವನ್ನು ಕಲಿಸಿ, ಇಪ್ಪತ್ತು ನಿಮಿಷದ ಕೃತಿಯನ್ನಾಗಿ ಬೆಳೆಸಿದರು. ಗಾಯಕ ಜಾನ್ ಆಂಡರ್ಸನ್, ಬಾಸ್ ಗಿಟಾರ್ ನುಡಿಸುವ ಕ್ರಿಸ್ ಸ್ಕ್ವೈರ್ ಮೊದಲಾದವರು 1968ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಯೆಸ್ ತಂಡ ಈ ಮಾರ್ಗದ ಮುಂದಾಳುಗಳಲ್ಲಿ ಒಂದು. ಯೆಸ್ ಎಂದರೆ 'ಹೌದು'. ಆದರೆ ತಂಡದ ಒಳಗೆ 'ಹೌದು' ಎಂದವರಷ್ಟೇ 'ಇನ್ನು ಸಾಕು' ಎಂದು ಹೊರಟವರೂ ಉಂಟು. ಬಂದವರು, ಹೋದವರು, ಹೋಗಿ ಮತ್ತೆ ಬಂದವರು, ಇವರೆಲ್ಲರ ಪಟ್ಟಿ ಒಂದು ದೊಡ್ಡ ಕೂಡುಕುಟುಂಬದ ವಂಶವೃಕ್ಷದಷ್ಟು ಜಟಿಲವಾಗಿದೆ.

ಸಾಮಾನ್ಯ ರಾಕ್ ಹಾಡಿನಲ್ಲಿ ಡ್ರಮ್ ವಾದಕನ ಕೆಲಸ ಸುಲಭವಲ್ಲದಿದ್ದರೂ ಸರಳ. ಒಂದು ಕಾಲಿನಿಂದ ದೊಡ್ಡ ಡ್ರಮ್ಮನ್ನು ಗುದ್ದುತ್ತ, ಕೈಯ ಕಡ್ಡಿಗಳಿಂದ ಸ್ನೇರ್ ಎಂಬ ಕಿರುಡ್ರಮ್ಮನ್ನೂ ಕಂಚಿನ ತಾಳಗಳನ್ನೂ ಬಡಿಯುತ್ತ, ನಾಲ್ಕು ಎಣಿಕೆಯ ಆವರ್ತವನ್ನು ಕೊನೆಯವರೆಗೆ ತಪ್ಪದೆ ಸಾಗಿಸಿದರೆ ಆಯಿತು. ಯೆಸ್ ತಂಡದ ಕೃತಿಗಳಲ್ಲಿ ಹಾಗಲ್ಲ. ನಾಲ್ಕರ ಎಣಿಕೆ ಐದಾಗುತ್ತದೆ, ಏಳಾಗುತ್ತದೆ. ಗಿಟಾರ್ ಒಂದು ನಡೆಯಲ್ಲಿದ್ದರೆ ಬಾಸ್ ಇನ್ನೊಂದರಲ್ಲಿ ಇರುತ್ತದೆ. ಖಂಡ, ಮಿಶ್ರ ನಡೆಗಳನ್ನು ಬಲ್ಲ ಕರ್ನಾಟಕ ಸಂಗೀತದ ಶ್ರೋತೃವಿಗೆ ಇದರಲ್ಲಿ ಆಶ್ಚರ್ಯವೇನೂ ತೋರದು. ಆದರೆ ಆ ನಾಡಿನ ಕುಣಿತದ ಹಾಡಿಗೆ ಒಗ್ಗಿದ ಕಿವಿಗೆ ಅದು ಹೊಸ ಲೋಕವೇ ಆಗಿತ್ತು.

ಆ ಲೋಕವನ್ನು ಕಟ್ಟುವುದರಲ್ಲಿ ಬ್ರೂಫರ್ಡನ ಪಾಲು ದೊಡ್ಡದು. 1969ರಿಂದ 1972ರವರೆಗೆ ತಂಡ ಹೊರತಂದ ಮೊದಲ ಐದು ಧ್ವನಿಮುದ್ರಿಕೆಗಳಲ್ಲಿ ಅವನದೇ ಕೈ. ಪೆಟ್ಟು ಬೀಳಬೇಕೆಂದು ಕಿವಿ ಕಾಯುವ ಕಡೆ ಸುಮ್ಮನಿದ್ದು, ಯಾರೂ ನಿರೀಕ್ಷಿಸದ ಕಡೆ ಠಣ್ಣೆಂದು ಹೊಡೆಯುವುದು ಅವನ ರೀತಿ. ಅವನ ಸ್ನೇರ್ ಡ್ರಮ್ಮಿನ ನಾದ ಒಣಕಡ್ಡಿ ಮುರಿದಂತೆ ಚುರುಕಾಗಿರುತ್ತಿತ್ತು. 1972ರ ಬೇಸಿಗೆಯಲ್ಲಿ 'ಕ್ಲೋಸ್ ಟು ದಿ ಎಡ್ಜ್' ಎಂಬ ಮುದ್ರಿಕೆಯ ಕೆಲಸ ಮುಗಿಯಿತು. ಅದರ ಒಂದು ಮಗ್ಗುಲನ್ನೆಲ್ಲ ಹದಿನೆಂಟು ನಿಮಿಷ ಮೀರಿದ ಒಂದೇ ಕೃತಿ ತುಂಬಿತ್ತು. ತಂಡ ಕೀರ್ತಿಯ ಹೊಸ್ತಿಲಲ್ಲಿ ನಿಂತಿತ್ತು. ಅಮೆರಿಕದ ಪ್ರವಾಸ ಗೊತ್ತಾಗಿತ್ತು. ಆ ಗಳಿಗೆಯಲ್ಲಿ ಬ್ರೂಫರ್ಡ್ ತಂಡವನ್ನು ಬಿಟ್ಟು, 'ಕಿಂಗ್ ಕ್ರಿಮ್ಸನ್' ಎಂಬ ಇನ್ನೊಂದು ತಂಡವನ್ನು ಸೇರಿಕೊಂಡನು. ಜಗಳವೇ ಕಾರಣವಲ್ಲ. ಈ ದಾರಿಯಲ್ಲಿ ತಾನು ಮಾಡಬಹುದಾದದ್ದನ್ನು ಮಾಡಿ ಮುಗಿಸಿದ್ದಾಯಿತು ಎಂಬ ಭಾವನೆ ಅವನಲ್ಲಿ ಬಲಿತಿತ್ತು. ಶಿಖರದಲ್ಲಿ ಬಿಟ್ಟುಹೋದವನಿಗೆ ಇಳಿಜಾರಿನ ಅಪಖ್ಯಾತಿ ತಟ್ಟುವುದಿಲ್ಲ. ಅದು ಅವನ ಪುಣ್ಯ.

ಉಳಿದವರಿಗೆ ಈಗ ಬೇಕಾದದ್ದು ಒಬ್ಬ ವಾದಕ. ಅದೂ ವಾರದೊಳಗೆ.

ಅಲನ್ ವೈಟ್ ಹುಟ್ಟಿದ್ದು 1949ರ ಜೂನ್ 14ರಂದು, ಇಂಗ್ಲೆಂಡಿನ ಉತ್ತರಕ್ಕೆ ಕಲ್ಲಿದ್ದಲ ಗಣಿಗಳ ಸೀಮೆಯಾದ ಡರಮ್ ಪ್ರಾಂತ್ಯದ ಪೆಲ್ಟನ್ ಎಂಬ ಹಳ್ಳಿಯಲ್ಲಿ. ಆರನೆಯ ವಯಸ್ಸಿನಲ್ಲಿ ಪಿಯಾನೋ ಪಾಠಕ್ಕೆ ಹಚ್ಚಿದರು. ಹುಡುಗ ಪಿಯಾನೋವನ್ನು ನುಡಿಸುವುದಕ್ಕಿಂತ ಬಡಿಯುವುದೇ ಹೆಚ್ಚೆಂಬುದನ್ನು ಡ್ರಮ್ ಬಲ್ಲವನಾದ ಅವನ ಸೋದರಸಂಬಂಧದ ಹಿರಿಯನೊಬ್ಬ ಕಂಡುಕೊಂಡನು. ಹನ್ನೆರಡರ ಹೊತ್ತಿಗೆ ಕೈಗೆ ಕಡ್ಡಿ ಬಂದಿತು. ಹದಿಮೂರಕ್ಕೆ ವೇದಿಕೆ. ಪಿಯಾನೋ ಕಲಿತ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಸ್ತಾಪ ಬರುತ್ತದೆ.

1969ರ ಸೆಪ್ಟೆಂಬರಿನಲ್ಲಿ ಒಂದು ದಿನ ಅವನಿಗೆ ಟೆಲಿಫೋನ್ ಕರೆ ಬಂದಿತು. ಆ ಕಡೆಯಿಂದ ಮಾತನಾಡಿದಾತನು ತಾನು ಜಾನ್ ಲೆನನ್ ಎಂದನು. ಬೀಟಲ್ಸ್ ತಂಡದ ಲೆನನ್ ಇಪ್ಪತ್ತು ವರ್ಷದ ಅನಾಮಧೇಯ ಹುಡುಗನಿಗೆ ಫೋನ್ ಮಾಡುವುದೆಂದರೇನು? ಯಾರೋ ಗೆಳೆಯರು ತಮಾಷೆ ಮಾಡುತ್ತಿದ್ದಾರೆಂದು ವೈಟ್ ತಿಳಿದನು. ತಮಾಷೆಯಾಗಿರಲಿಲ್ಲ. ಸೆಪ್ಟೆಂಬರ್ 13ರಂದು ಕೆನಡಾದ ಟೊರಾಂಟೋ ನಗರದ ವೇದಿಕೆಯಲ್ಲಿ ಅವನು ಲೆನನ್, ಎರಿಕ್ ಕ್ಲ್ಯಾಪ್ಟನ್, ಕ್ಲಾಸ್ ಫೋರ್ಮನ್ ಇವರ ಹಿಂದೆ ಕುಳಿತಿದ್ದನು. ತಾಲೀಮು ನಡೆದದ್ದು ಅಲ್ಲಿಗೆ ಹೋಗುವ ವಿಮಾನದಲ್ಲಿ! ಎದುರಿನ ಆಸನದ ಬೆನ್ನೇ ಅವನಿಗೆ ಡ್ರಮ್ ಆಯಿತು.

ಮರುವರ್ಷ ಜನವರಿ 27ರಂದು ಲೆನನ್ ಒಂದೇ ದಿನದಲ್ಲಿ ರಚಿಸಿ ಮುದ್ರಿಸಿದ 'ಇನ್‌ಸ್ಟಂಟ್ ಕರ್ಮ' ಗೀತೆಯಲ್ಲಿ ಡ್ರಮ್ ನುಡಿಸಿದವನು ವೈಟ್. ಆ ಹಾಡು ಹತ್ತೇ ದಿನದಲ್ಲಿ ಅಂಗಡಿಗೆ ಬಂದಿತು. ಅದರಲ್ಲಿ ಡ್ರಮ್ಮಿನ ಉರುಳಿಕೆಗಳು ಹಾಡುವ ಕಂಠಕ್ಕೆ ಸರಿಜೋಡಿಯಾಗಿ ಮುನ್ನುಗ್ಗುತ್ತವೆ. 1971ರ 'ಇಮ್ಯಾಜಿನ್' ಗೀತೆಯಲ್ಲಿಯೂ ಅವನದೇ ವಾದನ. ಅಲ್ಲಿ ಮಾತ್ರ ಅವನು ಇದ್ದೂ ಇಲ್ಲದಂತೆ ಇದ್ದಾನೆ. ಪಿಯಾನೋ ಮುಂದೆ, ದನಿ ಮುಂದೆ, ಡ್ರಮ್ ದೂರದ ಹೆಜ್ಜೆಯ ಸದ್ದಿನಂತೆ ಹಿಂದೆ. ಜಗತ್ತಿನಲ್ಲಿ ಆ ಹಾಡನ್ನು ಕೇಳದವರು ವಿರಳ. ಅದರಲ್ಲಿ ಡ್ರಮ್ ನುಡಿಸಿದವರು ಯಾರೆಂದು ಕೇಳಿದವರು ಅದಕ್ಕಿಂತ ವಿರಳ. ಅಬ್ಬರಿಸಬೇಕಾದಲ್ಲಿ ಅಬ್ಬರಿಸಿ, ಅಡಗಬೇಕಾದಲ್ಲಿ ಅಡಗುವ ವಿವೇಕ ಇಪ್ಪತ್ತೆರಡನೆಯ ವಯಸ್ಸಿಗೇ ಅವನಿಗೆ ಸಿದ್ಧಿಸಿತ್ತೆಂಬುದಕ್ಕೆ ಈ ಎರಡು ಗೀತೆಗಳೇ ಸಾಕ್ಷಿ.

ಯೆಸ್ ತಂಡದ ಧ್ವನಿಮುದ್ರಣಕಾರ ಎಡ್ಡಿ ಆಫರ್ಡನ ಜೊತೆಯಲ್ಲಿ ವೈಟ್ ಆಗ ಒಂದೇ ಮನೆಯಲ್ಲಿದ್ದನು. ಒಮ್ಮೆ ತಾಲೀಮಿನಲ್ಲಿ ಬ್ರೂಫರ್ಡ್ ಬೇಗ ಎದ್ದುಹೋದಾಗ, ಅವನ ಸ್ಥಾನದಲ್ಲಿ ಕುಳಿತು 'ಸೈಬೀರಿಯನ್ ಖತ್ರು' ಎಂಬ ತೊಡಕಿನ ಕೃತಿಯನ್ನು ನುಡಿಸಿಯೂ ಇದ್ದನು. ಆದ್ದರಿಂದ ಬ್ರೂಫರ್ಡ್ ಹೋದೊಡನೆ ಆಂಡರ್ಸನ್ ಮತ್ತು ಸ್ಕ್ವೈರ್ ನೇರವಾಗಿ ವೈಟ್‌ನ ಮನೆಗೆ ಬಂದರು. "ತಂಡಕ್ಕೆ ಸೇರುವೆಯೋ, ಇಲ್ಲ ಈ ಕಿಟಕಿಯಿಂದ ಆಚೆ ಎಸೆಯೋಣವೋ" ಎಂಬ ಧಾಟಿಯಲ್ಲಿ ಬೆದರಿಸಿದರೆಂದು ವೈಟ್ ಮುಂದೆ ನಗುತ್ತ ಹೇಳಿಕೊಳ್ಳುತ್ತಿದ್ದುದುಂಟು. ಮನೆಯಿದ್ದದ್ದು ಮಹಡಿಯ ಮೇಲೆ! ಮೂರು ತಿಂಗಳು ನೋಡೋಣ, ಒಬ್ಬರಿಗೊಬ್ಬರು ಹೊಂದಿದರೆ ಮುಂದಿನ ಮಾತು ಎಂದು ಅವನು ಒಪ್ಪಿದನು. ಆ ಮೂರು ತಿಂಗಳೇ ಐವತ್ತು ವರ್ಷವಾಗಿ ಬೆಳೆದದ್ದು.

ಮೊದಲ ಕಚೇರಿ 1972ರ ಜುಲೈ 30ರಂದು, ಅಮೆರಿಕದ ಡಲ್ಲಾಸ್ ನಗರದಲ್ಲಿ. ಅಷ್ಟರಲ್ಲಿ ದೊರೆತ ಕಾಲಾವಕಾಶ ಮೂರು ದಿನ. ಬ್ರೂಫರ್ಡ್ ತಿಂಗಳುಗಟ್ಟಲೆ ಕುಳಿತು, ತುಣುಕು ತುಣುಕಾಗಿ ಮುದ್ರಿಸಿ ಜೋಡಿಸಿದ್ದ ಕೃತಿಗಳನ್ನು, ಹದಿನೆಂಟು ನಿಮಿಷದ ಆ ಮಹಾಕೃತಿಯನ್ನೂ ಸೇರಿಸಿ, ವೈಟ್ ಮೂರು ದಿನಗಳಲ್ಲಿ ಕಂಠಪಾಠ ಮಾಡಬೇಕಾಯಿತು. ಕಚೇರಿಗೆ ಮೂರು ದಿನವಿದೆ ಎನ್ನುವಾಗ, ಹಿಂದೆಂದೂ ನುಡಿಸದ ದೀರ್ಘ ಪಲ್ಲವಿಗಳ ಕಟ್ಟನ್ನು ಮೃದಂಗ ವಿದ್ವಾಂಸರೊಬ್ಬರ ಮುಂದೆ ಇಟ್ಟಂತೆ ಇದು. ಅವನು ಅಂದು ಸೋತಿದ್ದರೆ ಪ್ರವಾಸ ಮುರಿಯುತ್ತಿತ್ತು. ತಂಡದ ಕೀರ್ತಿಗೆ ಕಾರಣವಾದ ಅಮೆರಿಕದ ಶ್ರೋತೃವರ್ಗ ಕೈತಪ್ಪುತ್ತಿತ್ತು. ವೈಟ್‌ನ ಲೆಕ್ಕಕ್ಕೆ ಬರೆಯಬೇಕಾದ ಮೊದಲ ಜಮೆ ಇದು.

ಆದರೆ ಟೀಕಾಕಾರರು ಇದನ್ನೇ ಹಿಡಿದು ಹೇಳುವುದುಂಟು: "ಸಮಯಕ್ಕೆ ಒದಗಿದ ಒಳ್ಳೆಯ ಕೆಲಸಗಾರ, ನಿಜ. ಕಲಾವಿದನೆಂದರೆ ಬ್ರೂಫರ್ಡನೇ." ಹಿಂದಿನವನದು ಜ್ಯಾಸ್‌ನ ಸೂಕ್ಷ್ಮ, ಹೊಸಬನದು ರಾಕ್‌ನ ಭಾರ ಎಂಬುದು ಈ ವಾದದ ತಿರುಳು. ಮಾತಿನಲ್ಲಿ ಸತ್ಯಾಂಶವಿದೆ. ವೈಟ್‌ನ ಪೆಟ್ಟು ಭಾರವಾದದ್ದು. ಅವನು ಎಣಿಕೆಯ ಮುಂದೆ ಜಿಗಿಯುವುದಕ್ಕಿಂತ ಎಣಿಕೆಯ ಮೇಲೆ ಅಥವಾ ಕೂದಲೆಳೆ ಹಿಂದೆ ನಿಲ್ಲುವವನು. ಬ್ರೂಫರ್ಡ್ ಇತರರನ್ನು ಕೆಣಕುತ್ತಾನೆ, ವೈಟ್ ಹೊರುತ್ತಾನೆ. ಹೊರುವುದು ಕೆಣಕುವುದಕ್ಕಿಂತ ಕೀಳೆಂದು ತೀರ್ಮಾನಿಸುವುದಕ್ಕೆ ಮಾತ್ರ ಯಾವ ಆಧಾರವೂ ಇಲ್ಲ.

1973ರಲ್ಲಿ ಮೂರು ತಟ್ಟೆಗಳ ಗೊಂಚಲಾಗಿ ಹೊರಬಂದ 'ಯೆಸ್‌ಸಾಂಗ್ಸ್' ಎಂಬ ಕಚೇರಿಗಳ ಮುದ್ರಿಕೆಯಲ್ಲಿ ಇದು ಸ್ಪಷ್ಟವಾಗುತ್ತದೆ. ಅದರ ಬಹುಭಾಗ ವೈಟ್‌ನ ವಾದನ. ಮುದ್ರಣಾಲಯದಲ್ಲಿ ಗಾಜಿನ ಕುಸುರಿಯಂತೆ ಹೊಳೆಯುತ್ತಿದ್ದ ಕೃತಿಗಳು ಅಲ್ಲಿ ರಕ್ತಮಾಂಸ ತುಂಬಿಕೊಂಡು ಎದ್ದು ನಿಲ್ಲುತ್ತವೆ. ಸಾವಿರಾರು ಜನ ಸೇರಿದ ಬಯಲಿನಲ್ಲಿ ಸೂಕ್ಷ್ಮದ ಜೊತೆಗೆ ಬಲವೂ ಬೇಕು. ಆ ಬಲವನ್ನು ತಂಡಕ್ಕೆ ತಂದವನು ವೈಟ್.

ಅದೇ ವರ್ಷದ ಕೊನೆಗೆ ಬಂದ 'ಟೇಲ್ಸ್ ಫ್ರಮ್ ಟೋಪೋಗ್ರಾಫಿಕ್ ಓಷನ್ಸ್' ಎಂಬ ಜೋಡಿ ಮುದ್ರಿಕೆ ವೈಟ್ ಯೆಸ್ ತಂಡದೊಡನೆ ಮುದ್ರಣಾಲಯದಲ್ಲಿ ನುಡಿಸಿದ ಮೊದಲನೆಯದು. ಅದರ ಜನ್ಮವೃತ್ತಾಂತದಲ್ಲಿ ನಮ್ಮವರಿಗೆ ಕುತೂಹಲ ಹುಟ್ಟಿಸುವ ಸಂಗತಿಯೊಂದಿದೆ. 1973ರ ಮಾರ್ಚಿಯಲ್ಲಿ ಬ್ರೂಫರ್ಡನ ಮದುವೆ ನಡೆಯಿತು. ಆ ಔತಣದಲ್ಲಿ ಕಿಂಗ್ ಕ್ರಿಮ್ಸನ್ ತಂಡದ ತಾಳವಾದಕ ಜೇಮಿ ಮ್ಯೂರ್ ಎಂಬವನು ಆಂಡರ್ಸನ್‌ಗೆ ಪರಮಹಂಸ ಯೋಗಾನಂದರ 'ಯೋಗಿಯ ಆತ್ಮಕಥೆ'ಯನ್ನು ಓದಲು ಹೇಳಿದನು. 1946ರಲ್ಲಿ ಪ್ರಕಟವಾದ ಆ ಗ್ರಂಥದಲ್ಲಿ, ಮೈಸೂರಿನ ಯುವರಾಜರ ಆಹ್ವಾನದ ಮೇಲೆ 1935ರಲ್ಲಿ ಯೋಗಾನಂದರು ನಮ್ಮ ಸೀಮೆಗೆ ಬಂದುಹೋದ ವೃತ್ತಾಂತವೂ ಇದೆ. ಆಂಡರ್ಸನ್‌ನ ಮನಸ್ಸನ್ನು ಹಿಡಿದದ್ದು ಅದರಲ್ಲಿನ ಒಂದು ಅಡಿಟಿಪ್ಪಣಿ. ಶ್ರುತಿ, ಸ್ಮೃತಿ, ಪುರಾಣ, ತಂತ್ರ ಎಂದು ಶಾಸ್ತ್ರಗಳನ್ನು ನಾಲ್ಕಾಗಿ ವಿಂಗಡಿಸುವ ಆ ಟಿಪ್ಪಣಿಯನ್ನು ಆಧರಿಸಿ ನಾಲ್ಕು ಮಗ್ಗುಲಿಗೆ ನಾಲ್ಕು ದೀರ್ಘ ಕೃತಿಗಳು ಹುಟ್ಟಿದವು. ಬಿಟ್ಟುಹೋದವನ ಮದುವೆಯಲ್ಲಿ ದೊರೆತ ಬೀಜ, ಬಂದು ಸೇರಿದವನ ಕೈಯಲ್ಲಿ ಬೆಳೆಯಾಯಿತು!

ಈ ಮುದ್ರಿಕೆಯ ವಿಷಯದಲ್ಲಿ ಎರಡು ಪಕ್ಷಗಳು ಅಂದೂ ಇದ್ದವು, ಇಂದೂ ಇವೆ. ಇಂಗ್ಲೆಂಡಿನ ಮಾರಾಟದಲ್ಲಿ ಅದು ಮೊದಲ ಸ್ಥಾನಕ್ಕೇರಿತು. ವಿಮರ್ಶಕರಲ್ಲಿ ಹಲವರು ಅತಿಯಾಯಿತೆಂದು ಮೂಗುಮುರಿದರು. ಕೀಲಿಮಣೆಯ ರಿಕ್ ವೇಕ್‌ಮನ್ ಬೇಸತ್ತು ಮರುವರ್ಷ ತಂಡವನ್ನೇ ಬಿಟ್ಟನು. ಆ ಜಗಳದಲ್ಲಿ ಯಾರೂ ಗಮನಿಸದೆ ಹೋದದ್ದು ಡ್ರಮ್ ವಾದಕನ ಶ್ರಮ. ಎಂಬತ್ತು ನಿಮಿಷದ ಹೊಸ ಸಂಗೀತ ಚದುರಿಹೋಗದಂತೆ ಅದಕ್ಕೆ ನೆಲಗಟ್ಟು ಹಾಕಿದವನು ವೈಟ್. 'ರಿಚುಯಲ್' ಎಂಬ ನಾಲ್ಕನೆಯ ಕೃತಿಯ ನಡುವೆ ರಾಗವೆಲ್ಲ ಹಿಂದೆ ಸರಿದು ತಾಳವಾದ್ಯಗಳೇ ಮುಂದೆ ಬರುತ್ತವೆ. ವೇದಿಕೆಯಲ್ಲಿ ಆ ಭಾಗ ಬಂದಾಗ ಆಂಡರ್ಸನ್, ಸ್ಕ್ವೈರ್ ಕೂಡ ಕಡ್ಡಿ ಹಿಡಿದು ಡ್ರಮ್ ಬಡಿಯುತ್ತಿದ್ದರು. ನಮ್ಮ ಕಚೇರಿಗಳಲ್ಲಿ ತನಿ ಆವರ್ತನದ ಹೊತ್ತಿಗೆ ಕೆಲವರು ಕಾಫಿಗೆಂದು ಎದ್ದುಹೋಗುತ್ತಾರೆ. ಇಲ್ಲಿ ಗಾಯಕನೇ ತನಿಯಲ್ಲಿ ಪಾಲುಗೊಂಡನೆಂದರೆ ಮೆಚ್ಚಬೇಕಾದ ಮಾತು.

ವೈಟ್‌ನ ಕಲ್ಪನೆ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ 1974ರ 'ರಿಲೇಯರ್' ಮುದ್ರಿಕೆ ಇನ್ನೂ ಬಲವಾದ ಸಾಕ್ಷಿ. ಟಾಲ್‌ಸ್ಟಾಯ್ ಮಹಾಶಯನ 'ಯುದ್ಧ ಮತ್ತು ಶಾಂತಿ' ಕಾದಂಬರಿಯ ಪ್ರೇರಣೆಯಿಂದ ಹುಟ್ಟಿದ 'ದಿ ಗೇಟ್ಸ್ ಆಫ್ ಡೆಲಿರಿಯಮ್' ಅದರಲ್ಲಿನ ಮುಖ್ಯ ಕೃತಿ. ಸುಮಾರು ಇಪ್ಪತ್ತೆರಡು ನಿಮಿಷದ ಈ ರಚನೆಯ ನಡುವೆ ಘೋರವಾದ ಕಾಳಗವಿದೆ. ಮಾತಿಲ್ಲ, ಬರಿಯ ವಾದ್ಯ. ಕಾಳಗಕ್ಕೆ ಬೇಕಾದ ಲೋಹದ ಸದ್ದು ಯಾವ ಡ್ರಮ್ಮಿನಲ್ಲಿಯೂ ದೊರೆಯಲಿಲ್ಲ. ಆಗ ವೈಟ್ ಮತ್ತು ಆಂಡರ್ಸನ್ ಇಬ್ಬರೂ ಮುದ್ರಣಕ್ಕೆ ಹೋಗುವ ದಾರಿಯಲ್ಲಿದ್ದ ಗುಜರಿಗೆ ನುಗ್ಗಿ, ಮೂಲೆಗೆ ಬಿದ್ದಿದ್ದ ಮೋಟಾರು ಕಾರುಗಳ ಬಿಡಿಭಾಗಗಳನ್ನು ಒಂದೊಂದಾಗಿ ಬಡಿದು ನೋಡಿ, ನಾದ ಹೊಂದಿದವನ್ನು ಆರಿಸಿ ತಂದರು. ಅವನ್ನು ಒಂದು ಚೌಕಟ್ಟಿಗೆ ತೂಗುಹಾಕಿ ವಾದ್ಯವನ್ನಾಗಿ ಮಾಡಿಕೊಂಡರು. ಕಾಳಗದ ಉತ್ಕರ್ಷದಲ್ಲಿ ಆ ಚೌಕಟ್ಟನ್ನೇ ವೈಟ್ ನೆಲಕ್ಕೆ ಕೆಡವಿದನಂತೆ. ಸಂತೆಯಲ್ಲಿ ಮಡಕೆ ಕೊಳ್ಳುವಾಗ ನಮ್ಮ ಹೆಂಗಸರು ಬೆರಳಿನಿಂದ ತಟ್ಟಿ ನಾದ ನೋಡುವುದಿಲ್ಲವೆ? ಗುಜರಿಯಲ್ಲಿ ಆ ಇಬ್ಬರೂ ಮಾಡಿದ್ದು ಅದನ್ನೇ.

ಆ ಕಾಳಗವನ್ನು ಗಮನವಿಟ್ಟು ಕೇಳಿದವರಿಗೆ ಇನ್ನೊಂದು ವಿಷಯ ಹೊಳೆಯುತ್ತದೆ. ಗಿಟಾರ್, ಕೀಲಿಮಣೆ, ಲೋಹದ ಸದ್ದು ಎಲ್ಲವೂ ಒಂದರ ಮೇಲೊಂದು ಬಿದ್ದು ಚೂರುಚೂರಾಗುತ್ತಿರುವಾಗಲೂ ಕೆಳಗೆ ಲಯವೊಂದು ಕುದುರೆಯ ನಾಗಾಲೋಟದಂತೆ ಬಿಡದೆ ಸಾಗುತ್ತಿರುತ್ತದೆ. ಸ್ಕ್ವೈರ್‌ನ ಬಾಸ್ ಮತ್ತು ವೈಟ್‌ನ ಕಾಲಿನ ಡ್ರಮ್ ಅಲ್ಲಿ ಒಂದೇ ಜೀವದಂತೆ ಬೆಸೆದುಕೊಂಡಿವೆ. ಕೇಳುವವನು ಆ ಗೊಂದಲದಲ್ಲಿ ದಾರಿತಪ್ಪುವುದಿಲ್ಲ. ಕೊನೆಗೆ ಕಾಳಗ ನಿಂತು, ಶೋಕವೂ ಶಾಂತಿಯೂ ಬೆರೆತ ಗೀತವೊಂದು ಮೆಲ್ಲನೆ ಮೇಲೇಳುವಾಗ ಡ್ರಮ್ ಹಿಂದಕ್ಕೆ ಸರಿದುಬಿಡುತ್ತದೆ. 'ಇನ್‌ಸ್ಟಂಟ್ ಕರ್ಮ'ದ ಅಬ್ಬರ, 'ಇಮ್ಯಾಜಿನ್'ನ ಮೌನ ಎರಡೂ ಒಂದೇ ಕೃತಿಯಲ್ಲಿ ಕೂಡಿ ಬಂದಂತಿದೆ.

ಇನ್ನು ಪಿಯಾನೋದ ಮಾತು. ಡ್ರಮ್ ವಾದಕನಿಗೆ ತಾಳ ಮಾತ್ರ ತಿಳಿದಿರುತ್ತದೆ, ರಾಗದ ಗೊಡವೆ ಇರುವುದಿಲ್ಲ ಎಂದು ಹಲವರು ಭಾವಿಸುತ್ತಾರೆ. 1977ರ 'ಗೋಯಿಂಗ್ ಫಾರ್ ದಿ ಒನ್' ಮುದ್ರಿಕೆಯಲ್ಲಿ 'ಟರ್ನ್ ಆಫ್ ದಿ ಸೆಂಚುರಿ' ಎಂಬ ಗೀತೆಯಿದೆ. ಮಡಿದ ಮಡದಿಯ ಪ್ರತಿಮೆಯನ್ನು ಕೆತ್ತುವ ಶಿಲ್ಪಿಯ ಕಥೆ ಅದು. ತಂಡದ ಅತ್ಯಂತ ಕೋಮಲವಾದ ರಚನೆಗಳಲ್ಲಿ ಒಂದೆಂದು ಅದನ್ನು ಎಣಿಸುತ್ತಾರೆ. ಅದರ ಕರ್ತೃಗಳು ಮೂವರು: ಆಂಡರ್ಸನ್, ಗಿಟಾರಿನ ಸ್ಟೀವ್ ಹೌ ಮತ್ತು ಅಲನ್ ವೈಟ್. ಮೋಜೆಂದರೆ, ಆ ಗೀತೆಯ ಬಹುಭಾಗದಲ್ಲಿ ಡ್ರಮ್ ಇಲ್ಲವೆನ್ನುವಷ್ಟು ಕಡಿಮೆ. ತನ್ನ ಹೆಸರಿರುವ ಗೀತೆಯಲ್ಲಿ ತನ್ನ ವಾದ್ಯಕ್ಕೆ ಜಾಗ ಬಿಡದವನನ್ನು ಬಡಿಗೆಯ ಕೆಲಸದವನೆಂದು ಕರೆಯುವುದು ಹೇಗೆ?

1980ರಲ್ಲಿ ಆಂಡರ್ಸನ್ ಮತ್ತು ವೇಕ್‌ಮನ್ ಇಬ್ಬರೂ ಹೊರಟುಹೋದರು. ಹಾಡುವವನೇ ಇಲ್ಲದ ತಂಡದಲ್ಲಿ ಸ್ಕ್ವೈರ್, ಹೌ, ವೈಟ್ ಮೂವರೇ ತಾಲೀಮು ನಡೆಸಿದರು. ಟ್ರೆವರ್ ಹಾರ್ನ್, ಜೆಫ್ ಡೌನ್ಸ್ ಎಂಬ ಇಬ್ಬರು ಹೊಸಬರನ್ನು ಕೂಡಿಸಿಕೊಂಡು 'ಡ್ರಾಮಾ' ಎಂಬ ಮುದ್ರಿಕೆಯನ್ನು ತಂದರು. 1981ರಲ್ಲಿ ತಂಡವೇ ಒಡೆಯಿತು. ಆಗಲೂ ಸ್ಕ್ವೈರ್ ಮತ್ತು ವೈಟ್ ಬೇರೆಯಾಗಲಿಲ್ಲ. ದಕ್ಷಿಣ ಆಫ್ರಿಕದಿಂದ ಬಂದ ಟ್ರೆವರ್ ರೇಬಿನ್ ಎಂಬ ಗಿಟಾರ್ ವಾದಕನೊಡನೆ ಇವರಿಬ್ಬರೂ ಕಟ್ಟಿದ ಹೊಸ ತಂಡಕ್ಕೆ ಆಂಡರ್ಸನ್ ಮರಳಿ ಬಂದಾಗ, ಅದು ಮತ್ತೆ ಯೆಸ್ ಆಯಿತು. 1983ರಲ್ಲಿ '90125' ಎಂಬ ಅಂಕಿಗಳನ್ನೇ ಹೆಸರಾಗಿ ಹೊತ್ತ ಮುದ್ರಿಕೆ ಬಂದಿತು. ಅದರ 'ಓನರ್ ಆಫ್ ಎ ಲೋನ್ಲಿ ಹಾರ್ಟ್' 1984ರ ಜನವರಿಯಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ ಮೊದಲನೆಯದಾಯಿತು. ಹಿಂದೆ ಮುಂದೆ ಎಂದೂ ಯೆಸ್ ಆ ಸ್ಥಾನಕ್ಕೇರಿದ್ದಿಲ್ಲ. ಅದೇ ಮುದ್ರಿಕೆಯ 'ಚೇಂಜಸ್' ಎಂಬ ಗೀತೆಯ ಕರ್ತೃಗಳಲ್ಲಿಯೂ ವೈಟ್‌ನ ಹೆಸರಿದೆ. 'ಸಿನೆಮಾ' ಎಂಬ ಕಿರಿಯ ವಾದ್ಯಕೃತಿಗೆ ಗ್ರ್ಯಾಮಿ ಪ್ರಶಸ್ತಿ ದೊರೆಯಿತು. ಹದಿನೆಂಟು ನಿಮಿಷದ ಪ್ರೌಢಕೃತಿಗೂ ನಾಲ್ಕು ನಿಮಿಷದ ಜನಪ್ರಿಯ ಹಾಡಿಗೂ ಒಂದೇ ಕೈ ಒಗ್ಗಿತೆಂಬುದು ಸಣ್ಣ ಮಾತಲ್ಲ.

ಇಷ್ಟು ಹೇಳಿದ ಮೇಲೆ ಪ್ರತಿಪಕ್ಷದ ಮಾತನ್ನೂ ಮರೆಯಬಾರದು. ಬ್ರೂಫರ್ಡನ ಕಾಲದ ಕೃತಿಗಳನ್ನು ವೈಟ್ ನುಡಿಸಿದಾಗ ಕೆಲವು ನವುರಾದ ಹೊಳಪುಗಳು ಮಾಸಿದ್ದು ನಿಜ. ತೂಕ ಹೆಚ್ಚಿದ ಕಡೆ ಚುರುಕು ತಗ್ಗುವುದು ಸ್ವಾಭಾವಿಕ. ಕಡೆಗಾಲದ ಕಚೇರಿಗಳಲ್ಲಿ ಕಾಲಪ್ರಮಾಣ ನಿಧಾನವಾಯಿತೆಂಬ ದೂರೂ ಕೇಳಿಬಂದಿತು. ಅದನ್ನು ಪೂರ್ತಿ ಅಲ್ಲಗಳೆಯುವಂತಿಲ್ಲ. ಬ್ರೂಫರ್ಡನ ಮೇಲ್ಮೆಯನ್ನು ತಗ್ಗಿಸಿ ವೈಟ್‌ನನ್ನು ಎತ್ತಬೇಕಾದ ಅಗತ್ಯವಿಲ್ಲ. ತಪ್ಪಿರುವುದು ಅಳತೆಗೋಲಿನಲ್ಲಿ. ಬ್ರೂಫರ್ಡನ ಕೃತಿಗಳಲ್ಲಿ ವೈಟ್ ಹೇಗೆ ನುಡಿಸಿದನೆಂದು ನೋಡುವವರು, 'ಗೇಟ್ಸ್ ಆಫ್ ಡೆಲಿರಿಯಮ್' ಬ್ರೂಫರ್ಡ್ ಇದ್ದಿದ್ದರೆ ಆ ರೂಪದಲ್ಲಿ ಹುಟ್ಟುತ್ತಿತ್ತೆ ಎಂದು ಕೇಳುವುದೇ ಇಲ್ಲ. ಬಂದವನನ್ನು ಹೋದವನ ಹೊಲದಲ್ಲಿ ಮಾತ್ರ ಉಳಿಸಿ, ಅವನು ತಾನೇ ಒಡೆದು ಹಸನುಮಾಡಿದ ಭೂಮಿಯ ಬೆಳೆಯನ್ನು ಲೆಕ್ಕಕ್ಕೆ ತಾರದಿದ್ದರೆ ತೀರ್ಪು ಸರಿಯಾಗುವುದೆಂತು?

ಇಬ್ಬರೂ ಒಟ್ಟಿಗೆ ಕುಳಿತ ಪ್ರಸಂಗವೂ ಒಂದುಂಟು. 1991ರಲ್ಲಿ ತಂಡದ ಹಳಬರು, ಹೊಸಬರು ಎಂಟು ಮಂದಿ ಕೂಡಿ ಪ್ರವಾಸ ಹೊರಟರು. ಒಂದೇ ವೇದಿಕೆಯಲ್ಲಿ ಎರಡು ಡ್ರಮ್ ಪೀಠಗಳು, ಒಂದರಲ್ಲಿ ಬ್ರೂಫರ್ಡ್, ಇನ್ನೊಂದರಲ್ಲಿ ವೈಟ್. ಬ್ರೂಫರ್ಡ್ ವಿದ್ಯುತ್ ಡ್ರಮ್ಮುಗಳಿಂದ ಬಣ್ಣಬಣ್ಣದ ಕುಸುರಿ ತೆಗೆಯುತ್ತಿದ್ದರೆ, ಮೂಲ ನಡೆಯನ್ನು ಬಹುಮಟ್ಟಿಗೆ ಹೊತ್ತು ಸಾಗಿದವನು ವೈಟ್. ಇಪ್ಪತ್ತು ವರ್ಷ ಅಭಿಮಾನಿಗಳು ಹೂಡಿದ್ದ ವ್ಯಾಜ್ಯಕ್ಕೆ ಆ ಇಬ್ಬರೂ ವೇದಿಕೆಯ ಮೇಲೆ ರಾಜಿ ಬರೆದುಕೊಟ್ಟಂತಾಯಿತು. 2017ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಲ್ಲಿ ರಾಕ್ ಸಂಗೀತದ ಗೌರವಮಂದಿರಕ್ಕೆ ಯೆಸ್ ತಂಡವನ್ನು ಸೇರಿಸಿಕೊಂಡಾಗಲೂ ಇಬ್ಬರ ಹೆಸರೂ ಪಟ್ಟಿಯಲ್ಲಿದ್ದವು. ಬ್ರೂಫರ್ಡ್ ಸಮಾರಂಭಕ್ಕೆ ಬಂದಿದ್ದನು. ಅಂದು ಡ್ರಮ್ಮಿನ ಮುಂದೆ ಕುಳಿತು 'ರೌಂಡ್‌ಅಬೌಟ್' ನುಡಿಸಿದವನು ವೈಟ್. ಅದು ಬ್ರೂಫರ್ಡನ ಕಾಲದಲ್ಲಿ ಹುಟ್ಟಿದ ಹಾಡು.

2015ರ ಜೂನಿನಲ್ಲಿ ಸ್ಕ್ವೈರ್ ತೀರಿಕೊಂಡನು. ನಲವತ್ತಮೂರು ವರ್ಷ ತನ್ನ ಪಕ್ಕದಲ್ಲಿ ನಿಂತು ಬಾಸ್ ನುಡಿಸಿದ ಗೆಳೆಯ ಇಲ್ಲವಾದ ಮೇಲೆಯೂ ವೈಟ್ ತಂಡವನ್ನು ಬಿಡಲಿಲ್ಲ. 2016ರಲ್ಲಿ ಅವನಿಗೆ ಬೆನ್ನಿನ ಶಸ್ತ್ರಚಿಕಿತ್ಸೆಯಾಯಿತು. ಜೇ ಶೆಲೆನ್ ಎಂಬ ಕಿರಿಯನು ಅವನ ಬದಲಿಗೆ ಕುಳಿತನು. ಮುಂದಿನ ವರ್ಷಗಳಲ್ಲಿ ದೇಹ ಪೂರ್ತಿ ಸಹಕರಿಸದಿದ್ದಾಗ, ಕಚೇರಿಯ ಬಹುಭಾಗವನ್ನು ಶೆಲೆನ್ ನುಡಿಸಿ, ಕೊನೆಯ ಕೆಲವು ಗೀತೆಗಳಿಗೆ ವೈಟ್ ಮೆಲ್ಲನೆ ನಡೆದುಬಂದು ಕೂರುವ ಪದ್ಧತಿ ಬಂದಿತು. ಒಂದು ಕಾಲದಲ್ಲಿ ಮೂರು ದಿನದ ಗಡುವಿನಲ್ಲಿ ಮತ್ತೊಬ್ಬನ ಪೀಠಕ್ಕೆ ಏರಿದವನು, ತನ್ನ ಪೀಠವನ್ನು ಮತ್ತೊಬ್ಬನಿಗೆ ಬಿಟ್ಟುಕೊಡುವುದನ್ನೂ ಹೀಗೆ ಕಲಿತುಕೊಂಡನು. 2021ರ 'ದಿ ಕ್ವೆಸ್ಟ್' ಅವನು ನುಡಿಸಿದ ಕೊನೆಯ ಯೆಸ್ ಮುದ್ರಿಕೆಯಾಯಿತು. 1973ರಿಂದ ಅಲ್ಲಿಯವರೆಗೆ ತಂಡ ಮುದ್ರಣಾಲಯದಲ್ಲಿ ಸಿದ್ಧಪಡಿಸಿದ ಮುದ್ರಿಕೆಗಳಲ್ಲಿ ಅವನಿಲ್ಲದ್ದು ಒಂದೂ ಇಲ್ಲ. ಸ್ಥಾಪಕರೇ ಬಂದು ಹೋಗುತ್ತಿದ್ದ ಮನೆಯಲ್ಲಿ ಇದು ಎಂಥ ಸ್ಥೈರ್ಯವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ.

2022ರಲ್ಲಿ 'ಕ್ಲೋಸ್ ಟು ದಿ ಎಡ್ಜ್' ಹೊರಬಂದು ಐವತ್ತು ವರ್ಷ ತುಂಬಿದ ಸ್ಮರಣೆಗಾಗಿ ತಂಡ ಇಂಗ್ಲೆಂಡಿನ ಪ್ರವಾಸವನ್ನು ಗೊತ್ತುಮಾಡಿತು. ವೈಟ್ ತಂಡ ಸೇರಿದ್ದಕ್ಕೂ ಅದು ಐವತ್ತನೆಯ ವರ್ಷ. ಆರೋಗ್ಯದ ಕಾರಣ ಅವನು ಈ ಪ್ರವಾಸಕ್ಕೆ ಬರಲಾರನೆಂಬ ಪ್ರಕಟಣೆ ಮೇ ತಿಂಗಳಲ್ಲಿ ಹೊರಬಿತ್ತು. ಅದಾದ ಕೆಲವೇ ದಿನಗಳಲ್ಲಿ, ಮೇ 26ರಂದು, ಅಮೆರಿಕದ ಸಿಯಾಟಲ್ ಬಳಿಯ ತನ್ನ ಮನೆಯಲ್ಲಿ ವೈಟ್ ಕಣ್ಣುಮುಚ್ಚಿದನು. ಆಗ ಅವನಿಗೆ ಎಪ್ಪತ್ತೆರಡು ವರ್ಷ. ತಂಡ ಆ ಪ್ರವಾಸವನ್ನು ಅವನಿಗೇ ಅರ್ಪಿಸಿತು. ಮುದ್ರಿಕೆಯಲ್ಲಿ ಅವನು ನುಡಿಸದ ಕೃತಿಯ ಸ್ಮರಣೋತ್ಸವ, ಅದನ್ನು ಐವತ್ತು ವರ್ಷ ವೇದಿಕೆಯ ಮೇಲೆ 'ಬದುಕಿಸಿದ' ಅವನ ಸ್ಮರಣೋತ್ಸವವೂ ಆಯಿತು.

ಹಾಗಾದರೆ ತೀರ್ಮಾನವೇನು? ಮೇಲಿನ ಮಾತುಗಳನ್ನು ನಂಬಬೇಕಾದ ಅಗತ್ಯವಿಲ್ಲ, ಕಿವಿಯನ್ನು ನಂಬಿದರೆ ಸಾಕು. ಕುತೂಹಲವುಳ್ಳ ಓದುಗರು, ಅದರಲ್ಲಿಯೂ ಇಂಥ ಸಂಗೀತವನ್ನು ಗದ್ದಲವೆಂದು ಬಯ್ಯುವ ತಂದೆತಾಯಿಗಳೂ, ಬಯ್ಯಿಸಿಕೊಳ್ಳುವ ಮಕ್ಕಳೂ, ಒಂದು ಭಾನುವಾರ ಒಟ್ಟಿಗೆ ಕುಳಿತು 'ಸೈಬೀರಿಯನ್ ಖತ್ರು' ಕೃತಿಯನ್ನು ಎರಡು ಸಲ ಕೇಳಬಹುದು. ಮೊದಲು 1972ರ ಮುದ್ರಿಕೆಯಲ್ಲಿ ಬ್ರೂಫರ್ಡ್ ನುಡಿಸಿದ್ದು, ಆಮೇಲೆ 1973ರ 'ಯೆಸ್‌ಸಾಂಗ್ಸ್' ಮುದ್ರಿಕೆಯಲ್ಲಿ ವೈಟ್ ನುಡಿಸಿದ್ದು. ಹಾಡು ಅದೇ, ಎಣಿಕೆ ಅದೇ. ಒಂದು ಕಡೆ ಅಲಗಿನ ಹೊಳಪು, ಇನ್ನೊಂದು ಕಡೆ ಅಲೆಯ ಬಲ. ಎರಡನೆಯದನ್ನು ಕೇಳುವಾಗ ಮೊದಲನೆಯದರ ನೆನಪು ಬಂದರೆ ಬರಲಿ, ಅದು ತಪ್ಪೇನಲ್ಲ. ಆ ಮೇಲೆ 'ಗೇಟ್ಸ್ ಆಫ್ ಡೆಲಿರಿಯಮ್' ಹಾಕಿ, ಯಾರ ನೆನಪೂ ಇಲ್ಲದೆ, ವೈಟ್‌ನನ್ನು ವೈಟ್ ಆಗಿಯೇ ಕೇಳಬೇಕು. ಅವನಿಗೆ ಸಲ್ಲಬೇಕಾದ ಬಾಕಿ ಅಷ್ಟೇ.